ಬಣ್ಣದ ರಾಮನ್, ಕಪ್ಪು-ಬಿಳುಪಿನ ಪ್ಲೇಟು

ಫೆಬ್ರುವರಿ 28 ಬಂತೆಂದರೆ ಕಾಲೇಜುಗಳಲ್ಲಿ ಸರ್ ಸಿ.ವಿ. ರಾಮನ್ ಅವರ ಫೋಟೊ ಧೂಳು ಕೊಡವಿಕೊಂಡು ಹೊರಗೆ ಬರುತ್ತದೆ. ತಲೆಗೆ ಪೇಟ, ಮೈಮೇಲೆ ಕೋಟು, ಎದುರಿಗಿದ್ದವರಿಗೆ ವೈವಾ ತೆಗೆದುಕೊಳ್ಳುತ್ತಿರುವಂಥ ನೋಟ. ಹಾರ ಹಾಕುತ್ತಾರೆ, ಒಂದು ರಸಪ್ರಶ್ನೆ ನಡೆಯುತ್ತದೆ, ಮಧ್ಯಾಹ್ನದ ಹೊತ್ತಿಗೆ ರಾಷ್ಟ್ರೀಯ ವಿಜ್ಞಾನ ದಿನ ಮುಗಿದಿರುತ್ತದೆ. ಆ ಫೋಟೊ ಕಪ್ಪು-ಬಿಳುಪಿನದು. ಪಠ್ಯಪುಸ್ತಕದಲ್ಲಿ, ಲ್ಯಾಬಿನ ಗೋಡೆಯ ಮೇಲೆ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಿ ನಾವು ನೋಡಿದ ರಾಮನ್ ಯಾವಾಗಲೂ ಬೂದು ಬಣ್ಣದವರೇ. ಸಮುದ್ರದ ನೀಲಿ, ದ್ರವದೊಳಗಿನ ಹಸಿರು, ಹೂವಿನ ದಳದ ಕೆಂಪು ಎಂದು ಬದುಕಿಡೀ ಬಣ್ಣಗಳ ಬೆನ್ನು ಹತ್ತಿದ ಮನುಷ್ಯನನ್ನು ನಮ್ಮ ತಲೆಮಾರು ಬಣ್ಣವಿಲ್ಲದೆಯೇ ಪರಿಚಯ ಮಾಡಿಕೊಂಡಿದೆ.

ಈಚೆಗೆ ಗೆಳೆಯನೊಬ್ಬ ಆ ಫೋಟೊಗೆ ಆ್ಯಪ್‌ನಲ್ಲಿ ಬಣ್ಣ ತುಂಬಿ ಸ್ಟೇಟಸ್‌ಗೆ ಹಾಕಿದ. ಪೇಟ ಒಂದು ಸಲ ಕೆನೆಬಣ್ಣಕ್ಕೆ ಬಂತು, ಇನ್ನೊಂದು ಸಲ ತಿಳಿಗುಲಾಬಿಗೆ. ಯಾವುದು ನಿಜ ಎಂದು ಆ್ಯಪ್‌ಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಒಮ್ಮೆ ಹೋದ ಬಣ್ಣ ಹಿಂದಕ್ಕೆ ಬರುವುದಿಲ್ಲ. ಬರುವುದು ಊಹೆ ಮಾತ್ರ. ಆದರೆ ಇದರ ಉಲ್ಟಾ ಕೆಲಸವನ್ನು, ಅಂದರೆ ಬಣ್ಣದ ಫೋಟೊವನ್ನು ಕಪ್ಪು-ಬಿಳುಪು ಮಾಡುವುದನ್ನು, ನಾವೆಲ್ಲ ಬಹಳ ಹಗುರವಾಗಿ ಮಾಡುತ್ತೇವೆ. ಒಂದು ಬಟನ್ ಒತ್ತಿದರೆ ಆಯಿತು. ಆ ಒಂದು ಒತ್ತಿನಲ್ಲಿ ಏನು ಉಳಿಯಿತು, ಏನು ಹೋಯಿತು ಎಂಬ ಪ್ರಶ್ನೆ ನನಗೆ ಎದುರಾದದ್ದು ಮೆಣಸಿನಕಾಯಿ ಹೊಲದಲ್ಲಿ. ಅದನ್ನು ಹಿಡಿದು ಓದುತ್ತಾ ಹೋದಾಗ ಸಿಕ್ಕವರು ರಾಮನ್.

ನಮ್ಮೂರು ಸಿರುಗುಪ್ಪ ತಾಲ್ಲೂಕಿನ ರಾರಾವಿ. ವೇದಾವತಿ ಹಗರಿಯ ದಂಡೆ, ಆಚೆ ಆಂಧ್ರ. ನಮ್ಮ ಕಡೆ ಭತ್ತವೇ ದೊಡ್ಡ ಬೆಳೆ. ಮೆಣಸಿನಕಾಯಿ, ಹತ್ತಿ ಹಾಕುವವರೂ ಇದ್ದಾರೆ. ನಾನು ಬಿ.ಇ. ಓದುತ್ತಿದ್ದೇನೆ. ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ವರು ಸೇರಿ ಆರಿಸಿಕೊಂಡ ವಿಷಯ, ಮೊಬೈಲ್ ಕ್ಯಾಮೆರಾದಲ್ಲಿ ಗಿಡದ ಮೇಲಿನ ಹಣ್ಣು ಮೆಣಸಿನಕಾಯಿ ಎಷ್ಟಿದೆ ಎಂದು ಎಣಿಸುವುದು. ಬೆಳೆದವರಿಗೆ ಬಣ್ಣವೆಂದರೆ ದುಡ್ಡು. ಒಣಗಿಸಿದ ಕಾಯಿಯನ್ನು ಬ್ಯಾಡಗಿ ಮಾರುಕಟ್ಟೆಗೆ ಒಯ್ದರೆ ಚೀಲದಿಂದ ಒಂದು ಹಿಡಿ ತೆಗೆದು ಮೊದಲು ನೋಡುವುದು ಅದರ ಕೆಂಪನ್ನೇ. ಅದರ ಮೇಲೆಯೇ ದರ ಏರುತ್ತದೆ, ಇಳಿಯುತ್ತದೆ.

ಇಮೇಜ್ ಪ್ರೊಸೆಸಿಂಗ್ ಪಾಠಗಳಲ್ಲಿ ಬಹುತೇಕ ಮೊದಲ ಹೆಜ್ಜೆಯೇ ಚಿತ್ರವನ್ನು ಗ್ರೇಸ್ಕೇಲ್‌ಗೆ ತರುವುದು. ಮೂರು ಅಂಕಿಗಳ ಬದಲು ಒಂದೇ ಅಂಕಿ, ಲೆಕ್ಕ ಹಗುರ. ಹಣ್ಣಾದ ಕಾಯಿಯ ಒಂದು ಪಿಕ್ಸೆಲ್ ತೆಗೆದುಕೊಳ್ಳಿ: ಕೆಂಪು 190, ಹಸಿರು 30, ನೀಲಿ 30. ಪಕ್ಕದ ಎಲೆಯ ಪಿಕ್ಸೆಲ್: ಕೆಂಪು 50, ಹಸಿರು 100, ನೀಲಿ 35. ಅನೇಕ ಸಾಫ್ಟ್‌ವೇರ್‌ಗಳಲ್ಲಿ ಚಾಲ್ತಿಯಲ್ಲಿರುವ ಸೂತ್ರದಂತೆ ಕೆಂಪನ್ನು 0.299ರಿಂದ, ಹಸಿರನ್ನು 0.587ರಿಂದ, ನೀಲಿಯನ್ನು 0.114ರಿಂದ ಗುಣಿಸಿ ಕೂಡಿ. ಕಾಯಿಗೆ ಬರುವುದು 78. ಎಲೆಗೆ ಬರುವುದೂ 78. ಹತ್ತು ಮಾರು ದೂರದಿಂದ ಕಣ್ಣಿಗೆ ಹೊಡೆಯುವ ಕೆಂಪು ಕಾಯಿ ಕಪ್ಪು-ಬಿಳುಪಿನಲ್ಲಿ ಎಲೆಯೊಳಗೆ ಕರಗಿಹೋಗುತ್ತದೆ. ಗಿಡದಲ್ಲಿ ಕಾಯಿಯೇ ಇಲ್ಲ!

ಸೂತ್ರ ಸುಳ್ಳಲ್ಲ. ನಮ್ಮ ಕಣ್ಣಿಗೆ ಹಸಿರು ಬೆಳಕು ಹೆಚ್ಚು ಪ್ರಖರವಾಗಿ, ಕೆಂಪು ಅದಕ್ಕಿಂತ ಕಡಿಮೆ, ನೀಲಿ ಇನ್ನೂ ಮಂದವಾಗಿ ಕಾಣುತ್ತದೆ. ಅದನ್ನೇ ಅಂಕಿಗಳಲ್ಲಿ ಇಟ್ಟು 1953ರಲ್ಲಿ ಅಮೆರಿಕದ ಕಲರ್ ಟಿ.ವಿ. ಎಂಜಿನಿಯರ್‌ಗಳು ಈ ಪ್ರಮಾಣ ನಿಗದಿ ಮಾಡಿದರು. ಬಣ್ಣದ ಪ್ರಸಾರ ಶುರುವಾದರೂ ಜನರ ಮನೆಯ ಹಳೆಯ ಸೆಟ್ಟುಗಳಲ್ಲಿ ಚಿತ್ರ ಕಾಣಬೇಕಿತ್ತಲ್ಲ. ನಮ್ಮಲ್ಲಿ 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣದ ಪ್ರಸಾರ ಬಂದಾಗ ಊರ ಜನ ಒಂದೇ ಟಿ.ವಿ. ಮುಂದೆ ಕೂತು ನೋಡಿದ ಕಪ್ಪು-ಬಿಳುಪೂ ಇದೇ ಲೆಕ್ಕದ್ದು. ಮುಖ, ಬಟ್ಟೆ, ಆಕಾಶಕ್ಕೆ ಅದು ಸಾಕು. ಮೆಣಸಿನಕಾಯಿ ಗಿಡಕ್ಕೆ ಸಾಲದು. ಯಾವ ಬಣ್ಣವನ್ನು ಎಷ್ಟು ಒಳಗೆ ಬಿಡಬೇಕು, ಯಾವುದನ್ನು ಬಾಗಿಲಲ್ಲೇ ತಡೆಯಬೇಕು ಎಂಬುದನ್ನು ನೋಡುತ್ತಿರುವ ವಸ್ತುವಿಗೆ ತಕ್ಕಂತೆ ನಾವೇ ನಿರ್ಧರಿಸಬೇಕು. ರಾಮನ್ ಅವರ ದೊಡ್ಡ ಸಂಶೋಧನೆ ನಿಂತಿರುವುದೇ ಈ ಒಂದು ನಿರ್ಧಾರದ ಮೇಲೆ.

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ, ಭೌತವಿಜ್ಞಾನ ಕಲಿಸುತ್ತಿದ್ದರು. ಹುಡುಗ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ. ಮುಗಿಸಿದಾಗ ಇನ್ನೂ 16 ತುಂಬಿರಲಿಲ್ಲ. ಲಂಡನ್ನಿನ ಫಿಲಾಸಾಫಿಕಲ್ ಮ್ಯಾಗಜಿನ್‌ನಲ್ಲಿ ಮೊದಲ ಸಂಶೋಧನಾ ಲೇಖನ ಅಚ್ಚಾದದ್ದು 1906ರಲ್ಲಿ, 18ನೇ ವಯಸ್ಸಿಗೆ. ಆಯತಾಕಾರದ ಕಿಂಡಿಯಿಂದ ಬೆಳಕು ಓರೆಯಾಗಿ ಹಾದಾಗ ಮೂಡುವ ಪಟ್ಟೆಗಳ ಕುರಿತದ್ದು. ಆ ವಯಸ್ಸಿನಲ್ಲಿ ನಾವು ಸಿಇಟಿ ಕೌನ್ಸೆಲಿಂಗ್‌ನ ಆಪ್ಷನ್ ಎಂಟ್ರಿಯಲ್ಲಿ ಸಿಕ್ಕಿಕೊಂಡಿರುತ್ತೇವೆ, ಇರಲಿ.

ಓದಲು ಇಂಗ್ಲೆಂಡಿಗೆ ಹೋಗಬೇಕೆಂದರೆ ಮದ್ರಾಸಿನ ಸರ್ಕಾರಿ ವೈದ್ಯರು ಬೇಡವೆಂದರು. ಅಲ್ಲಿಯ ಚಳಿಗೆ ಈ ಬಡಕಲು ದೇಹ ತಡೆಯದು ಎಂಬುದು ಅವರ ಅಭಿಪ್ರಾಯ. ಹಾಗಾಗಿ ರಾಮನ್ ಮಾಡಿದ್ದು ಇವತ್ತಿಗೂ ನಮ್ಮ ಓಣಿಗಳಲ್ಲಿ ಎಲ್ಲರೂ ಮಾಡುವುದನ್ನೇ: ಸರ್ಕಾರಿ ನೌಕರಿಯ ಪರೀಕ್ಷೆ ಬರೆದರು. ಹಣಕಾಸು ಇಲಾಖೆಯ ಆ ಪರೀಕ್ಷೆಯಲ್ಲಿ ಮೊದಲ ರ‍್ಯಾಂಕ್ ಬಂತು. 1907ರಲ್ಲಿ ಎಂ.ಎ. ಮುಗಿಯಿತು, ಲೋಕಸುಂದರಿಯವರೊಂದಿಗೆ ಮದುವೆಯಾಯಿತು, ಕಲ್ಕತ್ತದಲ್ಲಿ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಹುದ್ದೆಯೂ ಸಿಕ್ಕಿತು. ಇನ್ನೂ 19 ದಾಟದ ಹುಡುಗನಿಗೆ ಇದಕ್ಕಿಂತ ಏನು ಬೇಕು ಎಂದು ನಮ್ಮ ಮನೆಗಳಲ್ಲಿ ಕೇಳುತ್ತಾರೆ. ಅಂದಿನವರೂ ಕೇಳಿರಬೇಕು.

ಕಲ್ಕತ್ತದ ಬೌಬಜಾರ್ ಬೀದಿಯಲ್ಲಿ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಎಂಬ ಸಂಸ್ಥೆಯಿತ್ತು. ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು 1876ರಲ್ಲಿ ಕಟ್ಟಿದ್ದು. ಉಪಕರಣಗಳಿದ್ದವು, ಬಳಸುವವರು ಇರಲಿಲ್ಲ. ರಾಮನ್ ಬೆಳಿಗ್ಗೆ ಕಚೇರಿಗೆ ಮೊದಲು ಅಲ್ಲಿಗೆ ಹೋದರು, ಸಂಜೆ ಕಚೇರಿ ಮುಗಿಸಿ ಮತ್ತೆ ಹೋದರು. ನಡುವೆ ರಂಗೂನ್‌ಗೆ, ನಾಗಪುರಕ್ಕೆ ವರ್ಗವಾಯಿತು. 1911ರಲ್ಲಿ ಕಲ್ಕತ್ತಕ್ಕೆ ಮರಳಿದ ಕೂಡಲೇ ಅದೇ ದಿನಚರಿ. ಹೀಗೆ 10 ವರ್ಷ. ನೌಕರಿ ಸಿಕ್ಕ ಮೇಲೆ ಓದುತ್ತೇನೆ ಎನ್ನುವವರು ನಮ್ಮಲ್ಲಿ ತುಂಬ ಜನ. ಓದಿದವರೊಬ್ಬರ ದಾಖಲೆ ಇಲ್ಲಿದೆ. 1917ರಲ್ಲಿ ಆಶುತೋಷ್ ಮುಖರ್ಜಿಯವರು ಕಲ್ಕತ್ತ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಹುದ್ದೆಗೆ ಕರೆದಾಗ ರಾಮನ್ ಸರ್ಕಾರಿ ನೌಕರಿ ಬಿಟ್ಟರು. ಸಂಬಳ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

1921ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ನಡೆದ ವಿಶ್ವವಿದ್ಯಾಲಯಗಳ ಸಮ್ಮೇಳನಕ್ಕೆ ಹೋಗಿ ನಾರ್ಕುಂಡಾ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಸಮುದ್ರ ನೀಲಿಯಾಗಿ ಕಾಣುವುದು ಆಕಾಶದ ಪ್ರತಿಫಲನದಿಂದ ಎಂದು ಲಾರ್ಡ್ ರೇಲೆ ಹೇಳಿದ್ದನ್ನು ಜಗತ್ತು ಒಪ್ಪಿಕೊಂಡಿತ್ತು. ರಾಮನ್ ಬಳಿ ಒಂದು ನಿಕಾಲ್ ಪ್ರಿಸಂ ಇತ್ತು. ಸರಿಯಾದ ಕೋನದಲ್ಲಿ ಹಿಡಿದರೆ ಅದು ನೀರಿನ ಮೇಲ್ಮೈಯ ಪ್ರತಿಫಲನವನ್ನು ನುಂಗಿಬಿಡುತ್ತದೆ. ಫೋಟೊಗ್ರಫಿ ಹುಚ್ಚಿರುವವರಿಗೆ ಇದು ಗೊತ್ತು. ಕ್ಯಾಮೆರಾ ಮುಂದೆ ತಿರುಗಿಸುವ ಪೋಲರೈಸರ್ ಮಾಡುವುದು ಇದೇ ಕೆಲಸವನ್ನು. ಪ್ರತಿಫಲನ ಹೋದ ಮೇಲೆ ಸಮುದ್ರ ಕಪ್ಪಾಗಬೇಕಿತ್ತು. ಆಗಲಿಲ್ಲ, ನೀಲಿ ಇನ್ನೂ ಗಾಢವಾಯಿತು. ಅಂದರೆ ಬಣ್ಣ ಬರುತ್ತಿರುವುದು ನೀರಿನ ಒಳಗಿನಿಂದ, ನೀರಿನ ಅಣುಗಳು ಬೆಳಕನ್ನು ಚದುರಿಸುವುದರಿಂದ. ಹಡಗು ಬೊಂಬಾಯಿ ಮುಟ್ಟುವ ಹೊತ್ತಿಗೆ ನೇಚರ್ ಪತ್ರಿಕೆಗೆ ಟಿಪ್ಪಣಿ ಸಿದ್ಧವಾಗಿತ್ತು.

ಮುಂದಿನ ಏಳು ವರ್ಷ ಕಲ್ಕತ್ತದ ಲ್ಯಾಬಿನಲ್ಲಿ ನಡೆದದ್ದು ಬರೀ ಚದುರಿಕೆಯ ಅಧ್ಯಯನ. ಅದರ ಉಪಾಯ ನನಗೆ ಬಹಳ ಇಷ್ಟ, ಏಕೆಂದರೆ ಅದನ್ನು ನಮ್ಮ ಹಾಸ್ಟೆಲ್ ರೂಮಿನಲ್ಲೂ ಊಹಿಸಿಕೊಳ್ಳಬಹುದು. ಎರಡು ಬಣ್ಣದ ಗಾಜು ತೆಗೆದುಕೊಳ್ಳಿ. ಒಂದು ನೇರಳೆಯನ್ನಷ್ಟೇ ಬಿಡುತ್ತದೆ. ಇನ್ನೊಂದು ಹಸಿರನ್ನು ಬಿಡುತ್ತದೆ, ಆ ನೇರಳೆಯನ್ನು ಪೂರ್ತಿ ತಡೆಯುತ್ತದೆ. ಎರಡನ್ನೂ ಒಟ್ಟಿಗೆ ಹಿಡಿದರೆ ಆಚೆ ಕತ್ತಲು. ಈಗ ನೇರಳೆ ಗಾಜಿನ ಮೂಲಕ ಸೂರ್ಯನ ಬೆಳಕನ್ನು ಶುದ್ಧ ದ್ರವದ ಬಾಟಲಿಗೆ ಹಾಯಿಸಿ, ಪಕ್ಕದಿಂದ ಹಸಿರು ಗಾಜಿನಲ್ಲಿ ನೋಡಿ. ದ್ರವ ಬೆಳಕನ್ನು ಬರೀ ಚದುರಿಸುವುದಾದರೆ ಹೊರಬರುವುದೂ ನೇರಳೆಯೇ; ಹಸಿರು ಗಾಜು ಅದನ್ನು ತಡೆದು ಕತ್ತಲೆ ತೋರಿಸಬೇಕು. ಆದರೆ ದ್ರವದೊಳಗೆ ಬೆಳಕಿನ ಮಸುಕಾದ ಗೆರೆಯೊಂದು ಕಾಣುತ್ತಿತ್ತು. ಒಳಗೆ ಹೋಗುವಾಗ ಇಲ್ಲದ ಬಣ್ಣ ಹೊರಗೆ ಬರುವಾಗ ಇದೆ.

1923ರಲ್ಲೇ ಕೆ.ಆರ್. ರಾಮನಾಥನ್ ಇದನ್ನು ಗಮನಿಸಿದ್ದರು. ದ್ರವದಲ್ಲಿ ಕಲ್ಮಶ ಇರಬಹುದು, ಅದರ ಹೊಳಪಿರಬಹುದು ಎಂದು ಮತ್ತೆ ಮತ್ತೆ ಶುದ್ಧೀಕರಿಸಿದರು. ಗೆರೆ ಹೋಗಲಿಲ್ಲ. ಎಸ್. ವೆಂಕಟೇಶ್ವರನ್ ಶುದ್ಧ ಗ್ಲಿಸರಿನ್ ನೋಡಿದಾಗ ಚದುರಿದ ಬೆಳಕು ನೀಲಿಯ ಬದಲು ಹಸಿರಾಗಿತ್ತು. 1928ರ ಆರಂಭದಲ್ಲಿ ಕೆ.ಎಸ್. ಕೃಷ್ಣನ್ ಹಗಲಿಡೀ ಕೂತು ಒಂದಾದ ಮೇಲೊಂದು ದ್ರವವನ್ನು ಪರೀಕ್ಷಿಸಿದರು. 18 ಸೆಂ.ಮೀ. ಅಗಲದ ದೂರದರ್ಶಕದ ಮಸೂರದಿಂದ ಬಿಸಿಲನ್ನು ಒಟ್ಟುಗೂಡಿಸಿ, ಕತ್ತಲೆಗೆ ಕಣ್ಣು ಹೊಂದಿಸಿಕೊಂಡು ನೋಡುವ ಕೆಲಸ. ಅಲ್ಲಿಯವರೆಗೆ ಸಾಕ್ಷಿ ಇದ್ದದ್ದು ಮನುಷ್ಯರ ಕಣ್ಣು ಮಾತ್ರ. ಫೆಬ್ರುವರಿ 28ರಂದು ಚದುರಿದ ಬೆಳಕನ್ನು ಕಿರು ರೋಹಿತದರ್ಶಕದಲ್ಲಿ ನೋಡಿದಾಗ ಮೂಲ ಬೆಳಕಿನ ಪಕ್ಕದಲ್ಲಿ, ನಡುವೆ ಕತ್ತಲ ಪಟ್ಟಿಯೊಂದನ್ನು ಬಿಟ್ಟು, ಇನ್ನೊಂದು ಬೆಳಕು ಬೇರೆಯಾಗಿ ನಿಂತಿತ್ತು. ಮರುದಿನವೇ ಸುದ್ದಿಸಂಸ್ಥೆಗೆ ತಿಳಿಸಿದರು.

ಇಲ್ಲಿಂದ ಮುಂದಿನದೇ ನನಗೆ ಕಥೆಯ ಮುಖ್ಯ ಭಾಗ. ಕಣ್ಣಿಗೆ ಕಂಡದ್ದನ್ನು ಬೇರೆಯವರು ಒಪ್ಪಬೇಕಲ್ಲ? ಅದಕ್ಕೆ ಫೋಟೊ ಬೇಕು. ಬಣ್ಣದ ಈ ಸಂಶೋಧನೆಯ ಫೋಟೊ ತೆಗೆಯಲು ಅವರ ಬಳಿ ಇದ್ದದ್ದು ಬಣ್ಣವೇ ತಿಳಿಯದ ಗಾಜಿನ ಪ್ಲೇಟು. ಸೂರ್ಯನ ಬದಲು ಪಾದರಸದ ದೀಪ ಇಟ್ಟರು. ಸೂರ್ಯನ ಬೆಳಕಿನಲ್ಲಿ ಎಲ್ಲ ಬಣ್ಣವೂ ಕಲೆತಿರುತ್ತದೆ. ಪಾದರಸದ ದೀಪದಲ್ಲಿ ಕೆಲವೇ ಬಿಡಿ ಬಿಡಿ ಬಣ್ಣಗಳು. ಚದುರಿದ ಬೆಳಕನ್ನು ರೋಹಿತಲೇಖಿಯ ಮೂಲಕ ಪ್ಲೇಟಿನ ಮೇಲೆ ಬೀಳಿಸಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕಾದರು. ಬೆಳಕು ಅಷ್ಟು ಕ್ಷೀಣ. ಪ್ಲೇಟನ್ನು ತೊಳೆದಾಗ ಪಾದರಸದ ಮೂಲ ಗೆರೆಯ ಪಕ್ಕದಲ್ಲಿ ತೆಳ್ಳಗಿನ ಹೊಸ ಗೆರೆಗಳಿದ್ದವು. ಬಣ್ಣವಿಲ್ಲ, ಬರೀ ಗೆರೆ.

ಬೆಂಜೀನ್ ಉದಾಹರಣೆಯನ್ನೇ ನಾನು ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಹಾಕಿ ನೋಡಿದೆ. ಪಾದರಸದ ನೀಲಿ ಗೆರೆಯ ತರಂಗಾಂತರ 435.8 ನ್ಯಾನೊಮೀಟರ್. ಬೆಂಜೀನ್ ಅಣುವಿನ ಮುಖ್ಯ ಕಂಪನ ಅದರಿಂದ ಸ್ವಲ್ಪ ಶಕ್ತಿ ಕಸಿದುಕೊಂಡ ಮೇಲೆ ಹೊರಬರುವ ಬೆಳಕು ಸುಮಾರು 455.5 ನ್ಯಾನೊಮೀಟರ್. ನೀಲಿ ಹೋಗಿ ಇನ್ನೊಂದು ನೀಲಿ ಬಂತು, ಅಷ್ಟೆ. ಎರಡನ್ನೂ ಬಟ್ಟೆಯ ಅಂಗಡಿಯಲ್ಲಿ ಅಕ್ಕಪಕ್ಕ ಇಟ್ಟರೆ ಮ್ಯಾಚಿಂಗ್ ಆಗುತ್ತದೆ ಎಂದು ಕಟ್ಟಿಕೊಟ್ಟುಬಿಡುತ್ತಾರೆ. ಕಪ್ಪು-ಬಿಳುಪಿನ ಪ್ಲೇಟಿನಲ್ಲಿ ಮಾತ್ರ ಅವು ಎರಡು ಬೇರೆ ಗೆರೆಗಳು, ನಡುವಿನ ಅಂತರವನ್ನು ಅಳೆಯಬಹುದು. ಅಳತೆಯಿಂದಲೇ ಇದು ಬೆಂಜೀನ್, ಇದು ಬೇರೆ ಎಂದು ಹೇಳಬಹುದು. ಇವತ್ತು ಔಷಧ ಕಂಪನಿಗಳಲ್ಲಿ ಮಾತ್ರೆಯನ್ನು ಒಡೆಯದೆ ಪರೀಕ್ಷಿಸುವ ರಾಮನ್ ಉಪಕರಣಗಳು ಓದುವುದೂ ಇದೇ ಅಂತರವನ್ನು. ಮೊಬೈಲಿನ ಬಟನ್ ಒತ್ತಿದಾಗ ನಮ್ಮ ಫೋಟೊದ ಬಣ್ಣ ಹಾಳಾಗಿ ಹೋಗುತ್ತದೆ. ರಾಮನ್ ಪ್ಲೇಟಿನಲ್ಲಿ ಬಣ್ಣ ಹೋಗಲಿಲ್ಲ. ಪ್ರಿಸಂ ಅದನ್ನು ಮೊದಲೇ ಜಾಗವಾಗಿ ಬದಲಿಸಿಟ್ಟಿತ್ತು. ಕಪ್ಪು-ಬಿಳುಪಿಗೆ ತರುವ ಮುನ್ನ ಬಣ್ಣವನ್ನು ಬೇರ್ಪಡಿಸಿದವರಿಗೂ ಬೇರ್ಪಡಿಸದವರಿಗೂ ಇಷ್ಟು ವ್ಯತ್ಯಾಸ.

ಆ ಕಾಲದ ಪ್ಲೇಟುಗಳಿಗೆ ಇನ್ನೊಂದು ಗುಣವೂ ಇತ್ತು. ಬೆಳ್ಳಿಯ ಲವಣಕ್ಕೆ ಸಹಜವಾಗಿ ನೀಲಿ, ನೇರಳೆ ಮಾತ್ರ ತಾಗುತ್ತವೆ. ಹಸಿರನ್ನೂ ಕೆಂಪನ್ನೂ ಕಾಣಿಸಲು ಅದಕ್ಕೆ ಬೇರೆ ಬೇರೆ ಬಣ್ಣದ್ರವ್ಯ ಸೇರಿಸಬೇಕು. ಕೆಂಪು ಕಾಣದ ಫಿಲ್ಮುಗಳು ಸ್ಟುಡಿಯೊಗಳಲ್ಲಿ ಬಹಳ ಕಾಲ ಇದ್ದವು. ಹಳೆಯ ಫೋಟೊಗಳಲ್ಲಿ ಹೆಂಗಸರ ಹಣೆಯ ಕುಂಕುಮ ಕಾಡಿಗೆಯಷ್ಟು ಕಪ್ಪಾಗಿ ಕಾಣುವುದನ್ನು ನೀವೂ ನೋಡಿರಬಹುದು. ನಮ್ಮ ಜಿಲ್ಲೆಯವರಿಗೆ ಪರಿಚಿತವಾದ ಹಂಪಿಯ ಮೊದಮೊದಲ ಫೋಟೊಗಳು, 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ತೆಗೆದವು, ಈ ಬೆಳ್ಳಿ ಲವಣದವೇ. ಅದಕ್ಕೆ ನೀಲಿ ಆಕಾಶವೂ ಬಿಳಿ ಮೋಡವೂ ಒಂದೇ. ಅಂದರೆ ಹಳೆಯ ಕಾಲ ಕಪ್ಪು-ಬಿಳುಪಾಗಿರಲಿಲ್ಲ ಎಂಬುದಷ್ಟೇ ಅಲ್ಲ, ಆ ಕಪ್ಪು-ಬಿಳುಪು ಕೂಡ ನಮ್ಮ ಮೊಬೈಲಿನ ಕಪ್ಪು-ಬಿಳುಪಲ್ಲ. ಹಳೆಯ ಫೋಟೊದಂತೆ ಕಾಣಬೇಕು ಎಂದು ಆಸೆಪಡುವವರು ನೀಲಿ ಚಾನೆಲ್ ಒಂದನ್ನೇ ಇಟ್ಟು ನೋಡಿ. ಮುಖದ ಕಲೆಗಳೆಲ್ಲ ಎದ್ದು ಕಾಣುತ್ತವೆ, ಆಮೇಲೆ ನನ್ನನ್ನು ಬೈಯಬೇಡಿ.

1928ರ ಮಾರ್ಚ್ 16ರಂದು ರಾಮನ್ ಈ ಸಂಶೋಧನೆಯನ್ನು ವಿಜ್ಞಾನಿಗಳ ಮುಂದೆ ವಿವರವಾಗಿ ಇಟ್ಟದ್ದು ಬೆಂಗಳೂರಿನಲ್ಲಿ, ಸೌತ್ ಇಂಡಿಯನ್ ಸೈನ್ಸ್ ಅಸೋಸಿಯೇಷನ್‌ನ ಸಭೆಯಲ್ಲಿ. ಕಲ್ಕತ್ತಕ್ಕೆ ಸಂದ ಕೀರ್ತಿಯಲ್ಲಿ ನಮ್ಮ ರಾಜ್ಯಕ್ಕೂ ಇಷ್ಟು ಪಾಲಿದೆ. ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡಲ್‌ಸ್ಟಾಮ್ ಅದೇ ದಿನಗಳಲ್ಲಿ ಸ್ಫಟಿಕಗಳಲ್ಲಿ ಇದನ್ನೇ ಕಂಡಿದ್ದರು. ಮೊದಲು ಪ್ರಕಟಿಸಿದವರು ರಾಮನ್. 1930ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು.

ಬೆಂಗಳೂರಿಗೆ ಅವರು ನೆಲೆಸಲು ಬಂದದ್ದು 1933ರಲ್ಲಿ, ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ. ಅಲ್ಲಿ ಜಗಳಗಳಾದವು, 1937ರಲ್ಲಿ ನಿರ್ದೇಶಕ ಸ್ಥಾನ ಬಿಟ್ಟು ಪ್ರಾಧ್ಯಾಪಕರಾಗಿ 1948ರವರೆಗೆ ಉಳಿದರು. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಕಟ್ಟಿದರು. ಮೈಸೂರು ಸರ್ಕಾರ ಕೊಟ್ಟ ಜಾಗದಲ್ಲಿ 1948ರ ಹೊತ್ತಿಗೆ ರಾಮನ್ ಸಂಶೋಧನಾ ಸಂಸ್ಥೆ ಎದ್ದಿತು. 1954ರಲ್ಲಿ ಭಾರತರತ್ನ. ಗೈಡುಗಳಲ್ಲಿ ಇಷ್ಟೇ ಇರುತ್ತದೆ. ಇಲ್ಲದ್ದೊಂದನ್ನು ಸೇರಿಸುತ್ತೇನೆ: 1933ರಲ್ಲಿ ಬೊಂಬಾಯಿಯಿಂದ ಬಂದ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೊನಿ) ಅವರಿಗೆ ಹೆಣ್ಣೆಂಬ ಕಾರಣಕ್ಕೆ ರಾಮನ್ ಪ್ರವೇಶ ನಿರಾಕರಿಸಿದರು. ಆಕೆ ಪಟ್ಟು ಬಿಡದಿದ್ದಾಗ ಒಂದು ವರ್ಷದ ಪರೀಕ್ಷಾವಧಿ ಹಾಕಿದರು. ಆಕೆಯ ಕೆಲಸ ನೋಡಿದ ಮೇಲೆ ಪೂರ್ಣ ಪ್ರವೇಶ ಕೊಟ್ಟರು, ನಂತರ ಬೇರೆ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. ಆಕೆ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಮಾಡಿದರು. ಕಣ್ಣು ಇಷ್ಟು ಸೂಕ್ಷ್ಮವಾಗಿದ್ದ ಮನುಷ್ಯನಿಗೂ ಕಾಣದ ಜಾಗಗಳಿದ್ದವು.

ಕೊನೆಯ 10 ವರ್ಷಗಳ ರಾಮನ್ ಬಗ್ಗೆ ನಾವು ಕೇಳುವುದು ಕಡಿಮೆ. ನನ್ನ ಮೆಣಸಿನಕಾಯಿಗೆ ಹತ್ತಿರದವರು ಅವರೇ. 70 ದಾಟಿದ ಮೇಲೆ ಅವರು ಬಣ್ಣದ ದೃಷ್ಟಿಯನ್ನು ಹಿಡಿದುಕೊಂಡರು: ನಾವು ಬಣ್ಣವನ್ನು ಕಾಣುವುದು ಹೇಗೆ? ತೋಟದ ಹೂಗಳನ್ನು ರೋಹಿತದರ್ಶಕದಲ್ಲಿ ನೋಡಿ ಯಾವ ದಳ ಯಾವ ಬಣ್ಣವನ್ನು ನುಂಗುತ್ತದೆ ಎಂದು ಬರೆದಿಟ್ಟರು. ಪ್ರಖರವಾಗಿ ಬೆಳಗಿದ ಬಿಳಿ ಪರದೆಯನ್ನು ಬಣ್ಣದ ಗಾಜಿನ ಮೂಲಕ ಸ್ವಲ್ಪ ಹೊತ್ತು ದಿಟ್ಟಿಸಿ, ಗಾಜನ್ನು ಥಟ್ಟನೆ ತೆಗೆದು, ಆ ಕ್ಷಣ ಕಣ್ಣು ತೋರಿಸುವುದನ್ನು ಗಮನಿಸುವ ಪ್ರಯೋಗವನ್ನು ತಮ್ಮ ಮೇಲೆಯೇ ಮಾಡಿಕೊಂಡರು. ಫಿಲ್ಟರು ಅದೇ ಹಳೆಯದು. ಈ ಸಲ ಪ್ಲೇಟಿನ ಜಾಗದಲ್ಲಿ ಅವರ ಸ್ವಂತ ರೆಟಿನಾ. 1968ರಲ್ಲಿ, 80ರ ಹೊಸ್ತಿಲಲ್ಲಿ, ದಿ ಫಿಸಿಯಾಲಜಿ ಆಫ್ ವಿಷನ್ ಎಂಬ ಪುಸ್ತಕ ತಂದರು.

ಅದರಲ್ಲಿ ಅವರು ಎದುರು ಹಾಕಿಕೊಂಡದ್ದು ಯಂಗ್, ಹೆಲ್ಮ್‌ಹೋಲ್ಟ್ಸ್, ಮ್ಯಾಕ್ಸ್‌ವೆಲ್ ಅಂಥವರ ತ್ರಿವರ್ಣ ಸಿದ್ಧಾಂತವನ್ನು. ಕಣ್ಣಿನಲ್ಲಿ ಮೂರು ಬಗೆಯ ಗ್ರಾಹಕಗಳಿವೆ, ಎಲ್ಲ ಬಣ್ಣವೂ ಆ ಮೂರರ ಲೆಕ್ಕ ಎಂಬುದು ಆ ಸಿದ್ಧಾಂತ. 1861ರಲ್ಲಿ ಮ್ಯಾಕ್ಸ್‌ವೆಲ್ ಒಂದೇ ರಿಬ್ಬನ್ನನ್ನು ಕೆಂಪು, ಹಸಿರು, ನೀಲಿ ಫಿಲ್ಟರ್‌ಗಳಲ್ಲಿ ಮೂರು ಕಪ್ಪು-ಬಿಳುಪು ಪ್ಲೇಟುಗಳಾಗಿ ತೆಗೆಸಿ, ಅದೇ ಫಿಲ್ಟರ್‌ಗಳಿಂದ ಪರದೆಯ ಮೇಲೆ ಒಂದರ ಮೇಲೊಂದು ಬೀಳಿಸಿ ಬಣ್ಣದ ಚಿತ್ರ ತೋರಿಸಿದ್ದರು. ರಾಮನ್ ಇದನ್ನು ಒಪ್ಪಲಿಲ್ಲ. ಹಳದಿ ಕೆಂಪು-ಹಸಿರಿನ ಮಿಶ್ರಣವಲ್ಲ, ಅದು ಸ್ವತಂತ್ರ ಅನುಭವ, ನಾವು ಕಾಣುವ ಜಗತ್ತಿನಲ್ಲಿ ಅದಕ್ಕೆ ದೊಡ್ಡ ಪಾತ್ರವಿದೆ ಎಂದು ವಾದಿಸಿದರು. ಆದರೆ 1964ರಲ್ಲೇ ಅಮೆರಿಕದ ಲ್ಯಾಬುಗಳಲ್ಲಿ ರೆಟಿನಾದ ಒಂದೊಂದೇ ಕೋಶಕ್ಕೆ ಬೆಳಕು ಬಿಟ್ಟು ಅಳೆದು ಮೂರು ಬಗೆ ಇರುವುದನ್ನು ತೋರಿಸಿದ್ದರು. ರಾಮನ್ ವಾದ ನಿಲ್ಲಲಿಲ್ಲ. ನಮ್ಮ ಕೈಯಲ್ಲಿರುವ ಮೊಬೈಲೇ ಅವರ ವಿರುದ್ಧದ ಸಾಕ್ಷಿ: ಅದರ ಪರದೆಯಲ್ಲಿ ಹಳದಿ ದೀಪವೇ ಇಲ್ಲ, ಆದರೂ ಸೇವಂತಿಗೆ ಹೂ ಹಳದಿಯಾಗಿಯೇ ಕಾಣುತ್ತದೆ.

ಹಾಗೆಂದು ಆ 10 ವರ್ಷ ವ್ಯರ್ಥ ಎಂದು ನನಗೆ ಅನ್ನಿಸುವುದಿಲ್ಲ. ಆ ಟಿ.ವಿ. ಸೂತ್ರಕ್ಕೆ ಪೂರ್ಣ ಹಳದಿಯನ್ನು ಕೊಟ್ಟು ನೋಡಿ: ಬೂದಿನಲ್ಲಿ ಅದು 226. ಹಸಿರು 150, ಕೆಂಪು 76, ನೀಲಿ ಬರೀ 29. ಬಿಳಿಯ ನಂತರ ಹೆಚ್ಚು ಬೆಳ್ಳಗಾಗುವ ಬಣ್ಣಗಳ ಸಾಲಿನಲ್ಲಿ ಹಳದಿ ಇದೆ. ಹೂ ಹಿಡಿದು ಕೂತ ಮುದುಕನಿಗೆ ಹಳದಿ ಅಷ್ಟು ಮುಖ್ಯವಾಗಿ ಕಂಡದ್ದು ಸುಮ್ಮನೆ ಅಲ್ಲ. ಕಂಡದ್ದು ಸರಿಯಿತ್ತು, ಕೊಟ್ಟ ಕಾರಣ ತಪ್ಪಾಯಿತು. 1928ರಲ್ಲಿ ಮಸುಕು ಗೆರೆಯನ್ನು ನಂಬಿ ಗೆದ್ದ ಹಟವೇ 1968ರಲ್ಲಿ ಬೇರೆಯವರ ಅಳತೆಗಳನ್ನು ಕೇಳದಂತೆ ಮಾಡಿತೇನೋ. ದೊಡ್ಡವರ ಬಗ್ಗೆ ಹೀಗೆ ಬರೆಯಬಹುದೇ ಎಂದು ಒಂದು ಕ್ಷಣ ಹಿಂಜರಿದೆ. ಆದರೆ ಲಾರ್ಡ್ ರೇಲೆಯವರ ಸಮುದ್ರವನ್ನು ಪ್ರಶ್ನಿಸಿದವರೂ ಇವರೇ ಅಲ್ಲವೇ.

ಡಿಜಿಟಲ್ ಕ್ಯಾಮೆರಾವನ್ನು ಅವರು ನೋಡಲಿಲ್ಲ. ನೋಡಿದ್ದರೆ ನಗುತ್ತಿದ್ದರೇನೋ. ನಮ್ಮ ಮೊಬೈಲಿನ ಸೆನ್ಸರ್‌ಗೂ ಬಣ್ಣ ತಿಳಿಯದು. ಎಷ್ಟು ಬೆಳಕು ಬಿತ್ತು ಎಂದು ಎಣಿಸುವುದಷ್ಟೇ ಅದಕ್ಕೆ ಗೊತ್ತು. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅವರ 1976ರ ಪೇಟೆಂಟ್‌ನಂತೆ ಪ್ರತಿ ಪಿಕ್ಸೆಲ್ ಮೇಲೆ ಒಂದು ಕಿರು ಫಿಲ್ಟರ್ ಕೂರಿಸುತ್ತಾರೆ, ಅರ್ಧ ಹಸಿರು, ಕಾಲು ಕೆಂಪು, ಕಾಲು ನೀಲಿ. ಆ ಚುಕ್ಕಿಗಳಿಂದ ಬಣ್ಣವನ್ನು ಲೆಕ್ಕ ಹಾಕಿ ಕಟ್ಟುವುದು ಮೊಬೈಲಿನೊಳಗಿನ ಚಿಪ್. ಅಂದರೆ ಪ್ರತಿ ಬಣ್ಣದ ಫೋಟೊ ಹುಟ್ಟುವಾಗ ಕಪ್ಪು-ಬಿಳುಪೇ, ಬಣ್ಣದ ಗಾಜುಗಳ ಹಿಂದೆ ಕೂತ ಕಪ್ಪು-ಬಿಳುಪು. ಬೌಬಜಾರಿನ ಲ್ಯಾಬಿನಲ್ಲಿ ಎರಡು ಗಾಜು ಮಾಡಿದ ಕೆಲಸವನ್ನು ನಮ್ಮ ಜೇಬಿನಲ್ಲಿ ಕೋಟಿಗಟ್ಟಲೆ ಗಾಜುಗಳು ಮಾಡುತ್ತಿವೆ.

ನಮ್ಮ ಪ್ರಾಜೆಕ್ಟ್‌ನಲ್ಲಿ ಈಗ ಟಿ.ವಿ. ಸೂತ್ರ ಇಲ್ಲ. ಕೆಂಪು ಚಾನೆಲ್ ಒಂದನ್ನೇ ಕಪ್ಪು-ಬಿಳುಪು ಮಾಡಿದರೆ ಕಾಯಿ 190, ಎಲೆ 50. ಕಾಯಿ ದೀಪ ಹಚ್ಚಿದಂತೆ ಬೆಳಗುತ್ತದೆ. ಹಸಿರು ಚಾನೆಲ್ ಆದರೆ ಕಾಯಿ 30, ಎಲೆ 100, ಕಾಯಿ ಕಪ್ಪು. ಕೆಂಪಿನಲ್ಲಿ ಹಸಿರನ್ನು ಕಳೆದರೆ ಕಾಯಿಗೆ 160 ಉಳಿಯುತ್ತದೆ, ಎಲೆ ಸೊನ್ನೆಗಿಂತ ಕೆಳಗೆ ಹೋಗಿ ಪೂರ್ತಿ ಮಾಯ. ಬಿಸಿಲು ಬಿದ್ದ ಒಣ ಮಣ್ಣು ಮಾತ್ರ ಇನ್ನೂ ತೊಂದರೆ ಕೊಡುತ್ತದೆ, ಅದರಲ್ಲೂ ಕೆಂಪಿನ ಅಂಶವಿದೆ. ಮೊಬೈಲಿನಲ್ಲಿ ಸುಮ್ಮನೆ ಚೆಂದಕ್ಕೆ ಮಾಡುವವರಿಗೂ ಇದೇ ದಾರಿ: ಸ್ಯಾಚುರೇಷನ್ ಸೊನ್ನೆಗೆ ಎಳೆಯುವ ಬದಲು ಎಡಿಟಿಂಗ್ ಆ್ಯಪ್‌ನ ಬ್ಲ್ಯಾಕ್ ಆ್ಯಂಡ್ ವೈಟ್ ವಿಭಾಗದಲ್ಲಿ ಒಂದೊಂದು ಬಣ್ಣದ ಸ್ಲೈಡರನ್ನು ಬೇರೆಯಾಗಿ ಎಳೆದು ನೋಡಿ, ಮೂಲ ಫೈಲನ್ನು ಅಳಿಸಬೇಡಿ. ನಮ್ಮ ಮಾವ ಲ್ಯಾಪ್‌ಟಾಪ್ ಪರದೆಯ ಮೇಲೆ ಬೆಳ್ಳಗೆ ಹೊಳೆಯುವ ಕಾಯಿಗಳನ್ನು ನೋಡಿ, ಮಾರುಕಟ್ಟೆಯಲ್ಲಿ ಇವನ್ನು ಯಾರು ಕೊಳ್ಳುತ್ತಾರೆ ಎಂದು ಕೇಳಿದರು.

1970ರ ಅಕ್ಟೋಬರ್‌ನಲ್ಲಿ ರಾಮನ್ ತಮ್ಮ ಲ್ಯಾಬಿನಲ್ಲೇ ಕುಸಿದರು. ಆಸ್ಪತ್ರೆಗೆ ಸೇರಿಸಿದರು, ಅಲ್ಲಿರಲು ಒಪ್ಪದೆ ಸಂಸ್ಥೆಯ ತೋಟದ ನಡುವೆ ಹೋಗಬೇಕೆಂದರು. ನವೆಂಬರ್ 21ರ ಬೆಳಗಿನ ಜಾವ ತೀರಿಕೊಂಡರು. ಅವರ ಇಚ್ಛೆಯಂತೆ ಸಂಸ್ಥೆಯ ಆವರಣದಲ್ಲೇ ದಹನ ಮಾಡಿದರು. ಆ ಜಾಗದಲ್ಲಿ ಸಮಾಧಿ ಕಟ್ಟಲಿಲ್ಲ, ಒಂದು ಮರ ನೆಟ್ಟರು.